ಹೊಂಬುಜದ ಚಿನ್ನ

ಸಾಗರದಿಂದ ಮಕ್ಕಳನ್ನು ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಪ್ರವಾಸ ಕರೆದೊಯ್ದಿದ್ದೆ. "ಟೀಚರ್, ಜಿನದತ್ತರಾಯ ನಿಜವಾಗಿಯೂ ಇದ್ದನಾ?" ಎಂದಳು ಒಬ್ಬ ಹುಡುಗಿ. ನರಮಾಂಸದ ರುಚಿ ಹತ್ತಿದ ತಂದೆಯನ್ನು ತೊರೆದು, ಪದ್ಮಾವತಿಯ ಮೂರ್ತಿಯೊಡನೆ ಉತ್ತರ ಮಧುರೆಯಿಂದ ಬಂದು, ಲಕ್ಕಿ ಗಿಡದಡಿ ಮಲಗಿದವನು. ದೇವಿಗೆ ಮುಟ್ಟಿಸಿದ ಕಬ್ಬಿಣ ಚಿನ್ನವಾಯಿತಂತೆ.

ಟ್ರಾಯ್ ನಗರ ಬರೀ ಕಾವ್ಯವೆಂಬ ಮಾತನ್ನು ಒಪ್ಪದೆ ಜರ್ಮನಿಯ ಶ್ಲೀಮನ್ 1870ರಲ್ಲಿ ನೆಲ ಅಗೆಸತೊಡಗಿದ. ಊರು ಸಿಕ್ಕಿತು, ಯುದ್ಧದ ಬಗೆಗಿನ ವಾದ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಅಗೆಯಬೇಕಿಲ್ಲ, ಶಾಸನ ಓದಿದರಾಯಿತು. ವಿಕ್ರಮ ಸಾಂತರ ಇಲ್ಲಿ ಬಸದಿ ಕಟ್ಟಿಸಿದ್ದು 897ರಲ್ಲಿ. ಜಿನದತ್ತನ ವೃತ್ತಾಂತ ಹೇಳುವ ಶಾಸನವೋ 1077ರದು. ಊರಿನ ಹಳೆಯ ಹೆಸರು ಪೊಂಬುಚ್ಚ. ಪೊನ್ ಎಂದರೆ ಚಿನ್ನ. ಚಿನ್ನದ ಕಥೆ ಹೆಸರಿನಿಂದಲೇ ಹುಟ್ಟಿತೇನೋ ಎಂದು ನನ್ನ ಅನುಮಾನ. ಆದರೂ ವಂಶಕ್ಕೆ ಬುನಾದಿ ಹಾಕಿದವನೊಬ್ಬ ಇದ್ದಿರಲೇಬೇಕಲ್ಲ!

ಅದೇ ಶಾಸನದಲ್ಲಿ ಚಟ್ಟಲದೇವಿ ಇದ್ದಾಳೆ. ತೀರಿಕೊಂಡ ತಂಗಿಯ ನಾಲ್ವರು ಗಂಡುಮಕ್ಕಳನ್ನು ತನ್ನವರೆಂದೇ ಸಾಕಿ, ಪಂಚಕೂಟ ಬಸದಿ ಕಟ್ಟಿಸಿದವಳು. ಅವಳು ಇದ್ದಳೇ ಎಂದು ಯಾರೂ ಕೇಳುವಂತಿಲ್ಲ. ಚಿಕ್ಕಂದಿನಲ್ಲಿ ಜಿನದತ್ತನ ಕಥೆ ಎಷ್ಟು ಸಲ ಕೇಳಿದ್ದೆನೋ, ಇವಳ ಕಥೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಹುಡುಗಿಗೆ ಬಸದಿ ತೋರಿಸಿ ಅದನ್ನೇ ಹೇಳತೊಡಗಿದೆ. ಅಷ್ಟರಲ್ಲಿ ಬಸ್ಸಿನವನು ಹಾರನ್ ಹೊಡೆದ.