ಸತ್ಸುಕಿ ಫುಜಿಸಾವಾ: ಹಿಮದಂಗಳದ ನಾಯಕಿ

ಜಪಾನಿನ ಮಹಿಳಾ ಕರ್ಲಿಂಗ್ ಕ್ರೀಡೆಯ ಇತಿಹಾಸದಲ್ಲಿ ಸತ್ಸುಕಿ ಫುಜಿಸಾವಾ ಅವರದು ಅಗ್ರಗಣ್ಯ ಹೆಸರು. 2018ರ ಪ್ಯೋಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಂಚು ಹಾಗೂ 2022ರ ಬೀಜಿಂಗ್ ಕೂಟದಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕಿ ಅವರು. ಅದಕ್ಕೆ ಮುನ್ನ ಈ ಕ್ರೀಡೆಯಲ್ಲಿ ಜಪಾನಿಗೆ ಒಲಿಂಪಿಕ್ ಪದಕವೇ ಒಲಿದಿರಲಿಲ್ಲ.

ಆಟದ ಸ್ವರೂಪ

ಕರ್ಲಿಂಗ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆಟ. ಸುಮಾರು 20 ಕಿಲೋ ತೂಕದ ಗ್ರಾನೈಟ್ ಕಲ್ಲನ್ನು ಹಿಮದ ಮೇಲೆ ಜಾರಿಸಿ, ದೂರದಲ್ಲಿರುವ ವೃತ್ತದ ಕೇಂದ್ರಕ್ಕೆ ಸಮೀಪ ನಿಲ್ಲಿಸಬೇಕು. ಪ್ರತಿ ತಂಡದಲ್ಲಿ ನಾಲ್ವರು. ಒಂದು ಸುತ್ತಿಗೆ ತಂಡಕ್ಕೆ ಎಂಟು ಕಲ್ಲುಗಳು. ಒಟ್ಟು ಹತ್ತು ಸುತ್ತುಗಳು. ಕಲ್ಲಿನ ಮುಂದೆ ಹಿಮವನ್ನು ಉಜ್ಜಿ ಅದರ ವೇಗವನ್ನೂ ದಿಕ್ಕನ್ನೂ ಹದಗೊಳಿಸುತ್ತಾರೆ. ತಂತ್ರವನ್ನು ನಿರ್ಧರಿಸುವ ನಾಯಕರನ್ನು ಸ್ಕಿಪ್ ಎನ್ನುತ್ತಾರೆ. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲುಗಳನ್ನು ಜಾರಿಸುವ ಹೊಣೆಯೂ ಸ್ಕಿಪ್‌ನದೇ ಆದುದರಿಂದ ಗೆಲುವು ಸೋಲುಗಳ ಭಾರ ಅವರ ಮೇಲೆಯೇ ಹೆಚ್ಚು.

ಆರಂಭದ ವರ್ಷಗಳು

ಫುಜಿಸಾವಾ ಜನಿಸಿದ್ದು 1991ರ ಮೇ 24ರಂದು, ಹೊಕ್ಕೈಡೊ ದ್ವೀಪದ ಕಿತಾಮಿ ನಗರದಲ್ಲಿ. ಐದನೆಯ ವಯಸ್ಸಿನಲ್ಲಿಯೇ ಅವರು ಕರ್ಲಿಂಗ್ ಆಡತೊಡಗಿದರು. ಇಂದು ಕಿತಾಮಿಗೆ ಸೇರಿರುವ, ಒಖೋತ್ಸ್ಕ್ ಸಮುದ್ರತೀರದ ಟೊಕೊರೊ ಎಂಬ ಊರಿನಲ್ಲಿ 1988ರಲ್ಲಿಯೇ ಈ ಆಟಕ್ಕೆಂದೇ ಒಳಾಂಗಣ ಕ್ರೀಡಾಂಗಣ ನಿರ್ಮಾಣಗೊಂಡಿತ್ತು.

2010ರಲ್ಲಿ ಅವರು ಚುಬು ವಿದ್ಯುತ್ ಸಂಸ್ಥೆಯ ತಂಡವನ್ನು ಸೇರಿದರು. 2011ರಿಂದ 2014ರವರೆಗೆ ಸತತ ನಾಲ್ಕು ಬಾರಿ ಆ ತಂಡವೇ ರಾಷ್ಟ್ರೀಯ ಚಾಂಪಿಯನ್. ಆದರೆ 2013ರ ಸೆಪ್ಟೆಂಬರಿನಲ್ಲಿ ಸಪ್ಪೊರೊದಲ್ಲಿ ನಡೆದ ಒಲಿಂಪಿಕ್ ಆಯ್ಕೆ ಪಂದ್ಯಗಳಲ್ಲಿ ಅಯುಮಿ ಒಗಾಸಾವಾರಾ ಅವರ ತಂಡದೆದುರು ಸೋಲಬೇಕಾಯಿತು. ದೇಶದ ಕಿರೀಟ ಕೈಯಲ್ಲಿದ್ದರೂ ಸೋಚಿ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು.

ತವರಿಗೆ ಮರಳಿಕೆ

2015ರಲ್ಲಿ ಫುಜಿಸಾವಾ ತವರಿಗೆ ಮರಳಿ, ಮಾರಿ ಮೊತೊಹಾಶಿ 2010ರಲ್ಲಿ ಟೊಕೊರೊದಲ್ಲಿ ಕಟ್ಟಿದ್ದ 'ಲೊಕೊ ಸೊಲಾರೆ' ತಂಡವನ್ನು ಸೇರಿದರು. ಚಿನಾಮಿ ಯೊಶಿದಾ, ಯುಮಿ ಸುಜುಕಿ, ಯುರಿಕಾ ಯೊಶಿದಾ ಅವರ ಸಂಗಾತಿಗಳು. ಮರುವರ್ಷವೇ ಕೆನಡಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡ ಬೆಳ್ಳಿ ಗೆದ್ದಿತು. ಅದು ಆ ಕೂಟದಲ್ಲಿ ಜಪಾನಿನ ಮೊದಲ ಪದಕ.

ಪ್ಯೋಂಗ್‌ಚಾಂಗ್‌ನ ಉಪಾಂತ್ಯ ಪಂದ್ಯದಲ್ಲಿ ಆತಿಥೇಯ ಕೊರಿಯಾ ಹೆಚ್ಚುವರಿ ಸುತ್ತಿನಲ್ಲಿ 8–7ರಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಬ್ರಿಟನ್ನಿನ ಈವ್ ಮ್ಯೂರ್‌ಹೆಡ್ ಅವರ ಕೊನೆಯ ಕಲ್ಲು ಗುರಿ ತಪ್ಪಿದ್ದರಿಂದ ಜಪಾನ್ 5–3ರಿಂದ ಜಯ ಗಳಿಸಿತು. ಆಟಗಾರ್ತಿಯರು ಪರಸ್ಪರ ಬಳಸುತ್ತಿದ್ದ 'ಸೊದಾನೆ' (ಹೌದಲ್ಲವೇ) ಎಂಬ ಹೊಕ್ಕೈಡೊ ಸೊಗಡಿನ ಮಾತು ಆ ವರ್ಷ ದೇಶದ ಮನೆಮಾತಾಯಿತು.

ಬೀಜಿಂಗ್ ಮತ್ತು ಅನಂತರ

2021ರ ಸೆಪ್ಟೆಂಬರಿನ ಆಯ್ಕೆ ಸರಣಿಯಲ್ಲಿ ಮೊದಲೆರಡು ಪಂದ್ಯಗಳನ್ನು ಸೋತ ತಂಡ ಮುಂದಿನ ಮೂರನ್ನೂ ಗೆದ್ದಿತು. ಬೀಜಿಂಗ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು ಲೀಗಿನ ಕೊನೆಯ ಪಂದ್ಯ ಸೋತಾಗ ಎಲ್ಲವೂ ಮುಗಿಯಿತೆಂದೇ ಆಟಗಾರ್ತಿಯರು ಭಾವಿಸಿದ್ದರು. ಇತರ ಪಂದ್ಯದ ಫಲಿತಾಂಶದಿಂದ ನಾಲ್ಕನೆಯ ಸ್ಥಾನ ದೊರೆಯಿತು. ಮರುದಿನ ಅದೇ ಸ್ವಿಸ್ ತಂಡವನ್ನು 8–6ರಿಂದ ಮಣಿಸಿದರು. ಅಂತಿಮ ಪಂದ್ಯದಲ್ಲಿ ಮ್ಯೂರ್‌ಹೆಡ್ ಅವರ ತಂಡ 10–3ರಿಂದ ಗೆದ್ದು ನಾಲ್ಕು ವರ್ಷಗಳ ಹಿಂದಿನ ಸೋಲಿನ ಲೆಕ್ಕ ಚುಕ್ತಾ ಮಾಡಿತು.

2023ರ ಜನವರಿಯಲ್ಲಿ ಕೆನಡಿಯನ್ ಓಪನ್ ಗೆದ್ದು, ಗ್ರ್ಯಾಂಡ್ ಸ್ಲ್ಯಾಮ್ ಕರ್ಲಿಂಗ್ ಕೂಟವನ್ನು ಜಯಿಸಿದ ಏಷ್ಯಾದ ಮೊದಲ ತಂಡವೆಂಬ ಕೀರ್ತಿಗೆ ಲೊಕೊ ಸೊಲಾರೆ ಪಾತ್ರವಾಯಿತು. 2025ರ ಸೆಪ್ಟೆಂಬರಿನ ಆಯ್ಕೆ ಪಂದ್ಯಗಳಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು. ಮೂರನೆಯ ಒಲಿಂಪಿಕ್ಸ್‌ನ ಕನಸು ಅಲ್ಲಿಗೇ ನಿಂತಿತು. ಆದರೂ ಸಣ್ಣ ಕಡಲೂರಿನ ಆಟವೊಂದನ್ನು ಇಡೀ ದೇಶ ಕಣ್ಣರಳಿಸಿ ನೋಡುವಂತೆ ಮಾಡಿದ ಹಿರಿಮೆ ಫುಜಿಸಾವಾ ಮತ್ತು ಅವರ ಸಂಗಾತಿಗಳಿಗೆ ಸಲ್ಲುತ್ತದೆ.