ಕಣ್ಣಿನ ಮಿಂಚು, ಹೆಬ್ಬೆರಳಿನ ಮಿಡಿತ: ಕಾಂತೀಯ ಮಿದುಳು ಪ್ರಚೋದನೆಯ ವಂಶಾವಳಿಯ ಮರುಪರಿಶೀಲನೆ

ಖಿನ್ನತೆಗೆ ಕೊಡುವ ಕಾಂತೀಯ ಮಿದುಳು ಪ್ರಚೋದನೆಗೆ (ವೈದ್ಯರ ಬಾಯಲ್ಲಿ ಟಿ.ಎಂ.ಎಸ್.) ಪೂರ್ವಜರನ್ನು ಹುಡುಕುವವರು ವಾಡಿಕೆಯಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು 1896ರ ಪ್ಯಾರಿಸ್ಸಿಗೆ ಹೋಗಿ, ಅಲ್ಲಿಯ ಶರೀರವಿಜ್ಞಾನಿ ದಾರ್ಸೋನ್ವಾಲನ ಸುರುಳಿಯನ್ನು ಇಂದಿನ ಯಂತ್ರದ ಮುತ್ತಜ್ಜನೆಂದು ಸಾರುತ್ತಾರೆ. ಉಳಿದವರು 1938ರ ರೋಮ್ ನಗರಕ್ಕೆ ಹೋಗಿ, ಚೆರ್ಲೆಟ್ಟಿ ಮತ್ತು ಬಿನಿ ಆರಂಭಿಸಿದ ಇ.ಸಿ.ಟಿ.ಯ, ಎಂದರೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆಯ, ಸೌಮ್ಯ ರೂಪವೇ ಇದು ಎನ್ನುತ್ತಾರೆ. ಹೊಸೂರು ರಸ್ತೆಯ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್ ಎಂದೊಡನೆ ‘ಕರೆಂಟ್ ಕೊಡುವುದು’ ನೆನಪಾಗುವ ಬೆಂಗಳೂರಿನಲ್ಲಿ ಎರಡನೆಯ ಮಾತಿಗೆ ಬಲ ಹೆಚ್ಚು. ಆದರೆ ಅದಕ್ಕಿಂತ ಹಟಮಾರಿಯಾದ ತಪ್ಪು ಮೊದಲನೆಯದು, ಏಕೆಂದರೆ ಅದು ವೈದ್ಯಕೀಯ ಸಮೀಕ್ಷೆಗಳ ಪೀಠಿಕೆಯಲ್ಲಿಯೇ ಒಬ್ಬರಿಂದೊಬ್ಬರಿಗೆ ನಕಲಾಗುತ್ತ ಬಂದಿದೆ.

1896ರ ವರದಿ ಹೇಳುವುದಿಷ್ಟು: ಸೆಕೆಂಡಿಗೆ 42 ಆವರ್ತಗಳ, 110 ವೋಲ್ಟಿನ, 30 ಆಂಪಿಯರಿನ ಪರ್ಯಾಯ ವಿದ್ಯುತ್ ಹರಿಯುತ್ತಿದ್ದ ಸುರುಳಿಯೊಳಗೆ ತಲೆಯಿಟ್ಟವರಿಗೆ ಬೆಳಕು ಮಿಂಚಿದಂತೆ ಕಂಡಿತು, ತಲೆ ಸುತ್ತಿತು, ಕೆಲವರು ಮೂರ್ಛೆ ಹೋದರು. 1910ರಲ್ಲಿ ಲಂಡನ್ನಿನ ಸಿಲ್ವೇನಸ್ ಥಾಮ್ಸನ್ ಸಹ ಇಂಥದೇ ಸುರುಳಿಯಲ್ಲಿ ತಲೆಯಿಟ್ಟು, ಕಣ್ಣು ಮುಚ್ಚಿದ್ದರೂ ಮಿನುಗು ಕಾಣುವುದನ್ನು ದಾಖಲಿಸಿದ. ಇಷ್ಟರಿಂದ ‘ಕಾಂತಶಕ್ತಿ ಮಿದುಳನ್ನು ಪ್ರಚೋದಿಸಿತು’ ಎಂಬ ತೀರ್ಮಾನಕ್ಕೆ ಜಿಗಿಯುವವರು, ಆ ಬೆಳಕು ತಲೆಯ ಯಾವ ಭಾಗದಲ್ಲಿ ಹುಟ್ಟಿತೆಂಬ ಪ್ರಶ್ನೆಯನ್ನೇ ಕೇಳುವುದಿಲ್ಲ. ಅದನ್ನು ಕೇಳಿದವರು ಬಾರ್ಲೊ, ಕೋನ್ ಮತ್ತು ವಾಲ್ಷ್. 1947ರಷ್ಟು ಹಿಂದೆಯೇ ಪ್ರಕಟವಾದ ಅವರ ಪ್ರಯೋಗದಲ್ಲಿ ಕಾಂತವನ್ನು ಕಣ್ಣಿನ ಪಕ್ಕದ ಕಣತಲೆಯ ಬಳಿ ಹಿಡಿದಾಗ ಬೆಳಕು ಕಂಡಿತು. ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಹೊರಪದರವಿರುವುದು ತಲೆಯ ಹಿಂಬದಿಯಲ್ಲಿ, ಆದರೆ ಅಲ್ಲಿ ಹಿಡಿದಾಗ ಏನೂ ಕಾಣಲಿಲ್ಲ. ಹಾಗಾದರೆ ಪ್ರಚೋದನೆಗೊಂಡದ್ದು ಕಣ್ಣಿನೊಳಗಿನ ಅಕ್ಷಿಪಟಲವೇ ಹೊರತು ಮಿದುಳಲ್ಲ. 1947ರ ಆ ಲೇಖನವನ್ನು ಉಲ್ಲೇಖಿಸಿಯೂ ಅದರ ನಿರ್ಣಯವನ್ನು ಬದಿಗಿಡುವ ಸಮೀಕ್ಷಕರು ಅದನ್ನು ಕೊನೆಯವರೆಗೆ ಓದಿರಲಾರರೆಂಬ ಅನುಮಾನಕ್ಕೆ ಎಡೆಯಿದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಕಾಂತಕ್ಷೇತ್ರ ಇದ್ದಮಾತ್ರಕ್ಕೆ ನರಕೋಶ ಕೆರಳುವುದಿಲ್ಲ. ಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅದಕ್ಕೆ ತಕ್ಕಷ್ಟು ವಿದ್ಯುತ್ ಒಳಗೆ ಪ್ರೇರಿತವಾಗುತ್ತದೆಂಬುದು ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ. (ಅಯಸ್ಕಾಂತದ ಕಡಗ, ಸೊಂಟಪಟ್ಟಿಗಳನ್ನು ಇದೇ ಚಿಕಿತ್ಸೆಯ ಸಾಲಿನಲ್ಲಿ ಕೂರಿಸುವ ಜಾಹೀರಾತುಗಳಿಗೆ ಬೇರೆ ಉತ್ತರ ಬೇಕಿಲ್ಲ.) ದಾರ್ಸೋನ್ವಾಲನ ಸುರುಳಿಯಲ್ಲಿ ಒಂದು ಟೆಸ್ಲಾದಷ್ಟು ಕ್ಷೇತ್ರವಿತ್ತೆಂದು ಧಾರಾಳವಾಗಿ ಒಪ್ಪಿಕೊಂಡರೂ, 42 ಆವರ್ತಗಳಲ್ಲಿ ಅದರ ಬದಲಾವಣೆಯ ಪರಮಾವಧಿ ವೇಗ ಸೆಕೆಂಡಿಗೆ ಸುಮಾರು 264 ಟೆಸ್ಲಾ, ತಲೆ ಹಿಡಿಸುವಷ್ಟು ಅಗಲದ ಸುರುಳಿಗೆ 30 ಆಂಪಿಯರಿನಿಂದ ಒಂದು ಟೆಸ್ಲಾ ದಕ್ಕುವ ಮಾತೇ ಇಲ್ಲವೆಂಬುದು ಬೇರೆ ವಿಷಯ. ಇಂದಿನ ಯಂತ್ರದಲ್ಲಿ ಕ್ಷೇತ್ರವು ಸೆಕೆಂಡಿನ ಹತ್ತುಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಎರಡು ಟೆಸ್ಲಾದ ಆಸುಪಾಸಿಗೆ ಏರುತ್ತದೆ, ಅಂದರೆ ವೇಗ ಸೆಕೆಂಡಿಗೆ 20,000 ಟೆಸ್ಲಾ. ಧಾರಾಳತನವನ್ನೆಲ್ಲ ತೋರಿಸಿದ ಮೇಲೂ ಉಳಿಯುವ ಅಂತರ 75 ಪಟ್ಟು. ಈ ಅಂತರವನ್ನು ತುಂಬಿದ್ದು, ಕೂಡಿಟ್ಟ ವಿದ್ಯುತ್ತನ್ನು ಸಾವಿರಾರು ಆಂಪಿಯರುಗಳ ಪ್ರವಾಹವಾಗಿ ಒಮ್ಮೆಲೇ ಹರಿಯಬಿಡುವ ಕೆಪ್ಯಾಸಿಟರು ಮತ್ತು ಥೈರಿಸ್ಟರುಗಳ ಜೋಡಿ, ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ರಾಡಾರಿನ ಕೆಲಸ ಮಾಡಿ ನಿವೃತ್ತರಾದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಮನೋವೈದ್ಯರಿಗೆ ವಿವರಿಸಬೇಕಾದೀತು.

ತಲೆಸುತ್ತನ್ನು ಮುಂದಿಟ್ಟು ವಾದಿಸುವವರಿದ್ದಾರೆ. ಸಮತೋಲದ ಅಂಗವಿರುವುದು ಒಳಗಿವಿಯಲ್ಲಿ, ಅದೂ ಅಕ್ಷಿಪಟಲದಂತೆ ಇಂದ್ರಿಯವೇ ಆದ್ದರಿಂದ, ತಲೆಸುತ್ತಿಗೂ ಮಿದುಳಿನ ಹೊರಪದರವನ್ನು ಕರೆತರಬೇಕಾದ ಅಗತ್ಯ ಬೀಳುವುದಿಲ್ಲ. ಮೂರ್ಛೆಯ ಮಾತು ಮಾತ್ರ ಅಷ್ಟು ಸಲೀಸಾಗಿ ತೀರುವಂಥದಲ್ಲ, ಆದರೆ ಗದ್ದಲದ ಸುರುಳಿಯೊಳಗೆ ತಲೆಯಿಟ್ಟವರು ಬರಿಯ ಭಯದಿಂದಲೂ ಮೂರ್ಛೆ ಹೋಗಬಲ್ಲರು. 1902ರಲ್ಲಿ ವಿಯೆನ್ನಾದ ಪೊಲಾಚೆಕ್ ಮತ್ತು ಬೀರ್ ಖಿನ್ನತೆಗೆಂದೇ ವಿದ್ಯುತ್ಕಾಂತ ಸಾಧನವೊಂದಕ್ಕೆ ಪೇಟೆಂಟ್ ಬೇಡಿದರೆಂಬುದನ್ನು ತುರುಪಿನೆಲೆಯಂತೆ ಎಸೆಯುವುದುಂಟು. ಪೇಟೆಂಟು ಸಾಬೀತುಪಡಿಸುವುದು ಉದ್ದೇಶವನ್ನು, ಪರಿಣಾಮವನ್ನಲ್ಲ.

ನಿಜವಾದ ಆರಂಭ 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಅದಕ್ಕೆ ಐದು ವರ್ಷ ಮೊದಲು ಮೆರ್ಟನ್ ಮತ್ತು ಮಾರ್ಟನ್ ನೆತ್ತಿಯ ಮೇಲೆ ವಿದ್ಯುದ್ವಾರವಿಟ್ಟು ಮಿದುಳಿನ ಚಲನಾಭಾಗವನ್ನು ಕೆರಳಿಸಿದ್ದರು, ಆದರೆ ಅದು ನೋವಿನ ಪ್ರಯೋಗವಾಗಿತ್ತು. ಆಂಟನಿ ಬಾರ್ಕರ್, ಜಲಿನೌಸ್, ಫ್ರೀಸ್ಟನ್ ಸುರುಳಿಯಿಂದ ಅದನ್ನೇ ನೋವಿಲ್ಲದೆ ಸಾಧಿಸಿ, ಲ್ಯಾನ್ಸೆಟ್ ಪತ್ರಿಕೆಯ ಎರಡೇ ಪುಟಗಳಲ್ಲಿ ವರದಿ ಮಾಡಿದರು. ಅವರಿಗೆ ಬೇಕಾಗಿದ್ದದ್ದು ಮಿದುಳಿನಿಂದ ಸ್ನಾಯುವಿಗೆ ಸಂದೇಶ ಹೋಗುವ ಹಾದಿಯನ್ನು ಅಳೆಯುವ ಉಪಾಯ. ಖಿನ್ನತೆ ಅವರ ಗುರಿಯಾಗಿರಲಿಲ್ಲ. ಇಂದಿಗೂ ಚಿಕಿತ್ಸೆಯ ಕುರ್ಚಿಯಲ್ಲಿ ಮೊದಲು ನಡೆಯುವುದು ಅದೇ ಅಳತೆ: ಎಂಟರ ಆಕಾರದ ಸುರುಳಿಯನ್ನು ತಲೆಯ ಎಡಭಾಗಕ್ಕೆ ಒತ್ತಿ, ಟಕ್ ಟಕ್ ಸದ್ದಿನೊಡನೆ ಬೆರಳಗಲ ಬೆರಳಗಲ ಸರಿಸುತ್ತ, ರೋಗಿಯ ಬಲಗೈ ಹೆಬ್ಬೆರಳು ತಾನಾಗಿ ಮಿಡಿಯುವ ಜಾಗವನ್ನೂ ಅದಕ್ಕೆ ಬೇಕಾದ ಕನಿಷ್ಠ ಶಕ್ತಿಯನ್ನೂ ಗುರುತಿಸಿಕೊಳ್ಳುತ್ತಾರೆ. ಬಹುಕಾಲ ರೂಢಿಯಲ್ಲಿದ್ದ ಕ್ರಮದಲ್ಲಿ ಚಿಕಿತ್ಸೆಯ ಜಾಗವೆಂದರೆ ಅಲ್ಲಿಂದ 5 ಸೆಂಟಿಮೀಟರು ಮುಂದೆ. ಪ್ರಮಾಣವೆಂದರೆ ಆ ಶಕ್ತಿಯ 120 ಪ್ರತಿಶತ. ಚಿಕಿತ್ಸೆಯ ಪ್ರಮಾಣವನ್ನು ಹೆಬ್ಬೆರಳಿನಿಂದ ನಿರ್ಧರಿಸುವ ಈ ಪದ್ಧತಿ ಇ.ಸಿ.ಟಿ.ಯಿಂದ ಬಂದುದಾಗಿರಲು ಸಾಧ್ಯವಿಲ್ಲ: ಅಲ್ಲಿ ಸೆಳವೇ ಚಿಕಿತ್ಸೆ, ಇಲ್ಲಿ ಸೆಳವು ಬಂದರೆ ಅನಾಹುತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅರಿವಳಿಕೆಯಿಲ್ಲದ ಇ.ಸಿ.ಟಿ.ಯನ್ನು ನಿಷೇಧಿಸುತ್ತದೆ, ಎಚ್ಚರದಲ್ಲೇ ಕೂತು ಪಡೆಯುವ ಟಿ.ಎಂ.ಎಸ್.ಗೆ ಅರಿವಳಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಬೆಂಗಳೂರಿನ ಮಟ್ಟಿಗೆ ಈ ವಾದಕ್ಕೆ ಬಲವಾದ ಆಧಾರ ಒದಗಿಸುವ, ಚರಿತ್ರೆಕಾರರು ಕಡೆಗಣಿಸಿದ ಆಕರವೆಂದರೆ 2014ರಲ್ಲಿ ಸ್ಕಿಜೋಫ್ರೇನಿಯಾ ಬುಲೆಟಿನ್‌ನಲ್ಲಿ ಬಂದ, ಉರ್ವಕ್ಷ್ ಮೆಹ್ತಾ ಮತ್ತು ಸಂಗಡಿಗರ ನಿಮ್ಹಾನ್ಸ್ ಅಧ್ಯಯನ. ಅಲ್ಲಿ ಸುರುಳಿ ಚಿಕಿತ್ಸೆಯ ಸಾಧನವಲ್ಲ, ಅಳತೆಗೋಲು: ಬೇರೊಬ್ಬರ ಕೈಕೆಲಸವನ್ನು ನೋಡುತ್ತಿರುವಾಗ ನೋಡುವವರ ಮಿದುಳಿನ ಚಲನಾಭಾಗ ಎಷ್ಟು ಜಾಗೃತವಾಗುತ್ತದೆಂಬುದನ್ನು ಸ್ನಾಯುವಿನ ಪ್ರತಿಕ್ರಿಯೆಯಿಂದ ಅಳೆದು, ಸ್ಕಿಜೋಫ್ರೇನಿಯಾ ಇರುವವರಲ್ಲಿ ಆ ಜಾಗೃತಿ ಕಡಿಮೆಯೆಂದು ತೋರಿಸಲಾಯಿತು. ಶೆಫೀಲ್ಡಿನ ವಂಶ ಇದರಲ್ಲಿ ಸ್ಪಷ್ಟವಾಗಿದೆ. ಎದುರುಪಕ್ಷದವರು ಲೇಖಕರ ಪಟ್ಟಿಯನ್ನು ತೋರಿಸಬಹುದು: ಅದರಲ್ಲಿ ಇ.ಸಿ.ಟಿ. ಸಂಶೋಧನೆಯಲ್ಲಿ ಹೆಸರಾದ ಬಿ.ಎನ್. ಗಂಗಾಧರ್ ಅವರಿದ್ದಾರೆ. ಈ ಆಕ್ಷೇಪಣೆ ತಕ್ಕುದೇ. ಸಂಸ್ಥೆಯ ಮಟ್ಟದಲ್ಲಿ ಎರಡೂ ಪರಂಪರೆಗಳು ಒಂದೇ ಸೂರಿನಡಿ ಬೆಳೆದವು. ಅಷ್ಟೇ ಅಲ್ಲ, ಇ.ಸಿ.ಟಿ. ಪರಂಪರೆಯಿಂದ ಕಲಿಯಬೇಕಾದ ಶಿಸ್ತೊಂದಿತ್ತು. ಗಂಗಾಧರ್, ಕಪೂರ್, ಕಲ್ಯಾಣಸುಂದರಂ 1982ರಲ್ಲಿ ಪ್ರಕಟಿಸಿದ ಅಧ್ಯಯನವು ಇ.ಸಿ.ಟಿ.ಯನ್ನು ಇಮಿಪ್ರಮಿನ್ ಮಾತ್ರೆಯೊಡನೆ ಹೋಲಿಸುವಾಗ, ಹುಸಿ ಚಿಕಿತ್ಸೆಯನ್ನೂ ಬಳಸಿ, ಯಾರಿಗೆ ಯಾವುದೆಂಬುದು ರೋಗಿಗೂ ಅಳೆಯುವವರಿಗೂ ತಿಳಿಯದಂತೆ ನೋಡಿಕೊಂಡಿತ್ತು. ಹುಸಿ ಚಿಕಿತ್ಸೆಯೊಡನೆ ಹೋಲಿಸದೆ ಯಂತ್ರವನ್ನು ನಂಬಬಾರದೆಂಬ ಆ ಎಚ್ಚರ ಟಿ.ಎಂ.ಎಸ್.ಗೆ ಇನ್ನಷ್ಟು ಬೇಕಾಗಿತ್ತು, ಏಕೆಂದರೆ 301 ರೋಗಿಗಳ 2007ರ ಅಮೆರಿಕನ್ ಪ್ರಯೋಗದಲ್ಲಿ ಮುಖ್ಯ ಅಳತೆಯು ನಾಲ್ಕನೆಯ ವಾರಕ್ಕೆ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯ ಅಂತರದಲ್ಲಿ ಮುಟ್ಟದೆ ಉಳಿದಿತ್ತು (0.05 ಬೇಕಾದಲ್ಲಿ 0.057). ಮರುವರ್ಷ ಅಲ್ಲಿ ಸಿಕ್ಕ ಸರ್ಕಾರಿ ಅನುಮತಿ ಒಂದೇ ಔಷಧಕ್ಕೆ ಬಗ್ಗದ ಖಿನ್ನತೆಗೆ ಸೀಮಿತವಾಗಿದ್ದುದನ್ನು ಪ್ರಚಾರಕರು ಹೇಳುವುದು ಅಪರೂಪ.

ತಪ್ಪು ವಂಶಾವಳಿಗೆ ಬೆಲೆ ತೆರುವವರು ರೋಗಿಗಳು. ‘ಸಣ್ಣ ಶಾಕ್’ ಎಂದು ಕೇಳಿದ ಜಾಲಹಳ್ಳಿಯ ಕುಟುಂಬ ಹೆದರಿ ಹಿಂದೆಗೆಯಬಹುದು. ಅಥವಾ ಅನ್ನನೀರು ಬಿಟ್ಟ ತೀವ್ರ ಖಿನ್ನತೆಗೆ ಇ.ಸಿ.ಟಿ.ಯೇ ಬೇಕಾದಲ್ಲಿ ‘ಅದರದೇ ಸೌಮ್ಯ ರೂಪ’ಕ್ಕೆ ಹಟ ಹಿಡಿಯಬಹುದು. ಸೌಮ್ಯವೆಂಬುದೂ ಪೂರ್ತಿ ನಿಜವಲ್ಲ: ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಯಶವಂತಪುರ, ಮೆಜೆಸ್ಟಿಕ್ ದಾಟಿ ಹೊಸೂರು ರಸ್ತೆಗೆ ಹೋಗಿಬರಬೇಕು. 37.5 ನಿಮಿಷದ ಚಿಕಿತ್ಸೆಗೆ ಬದಲಾಗಿ ಮೂರು ನಿಮಿಷದ ಕ್ರಮವೂ ಸಾಕೆಂದು 2018ರ ಕೆನಡಾದ ಪ್ರಯೋಗ ತೋರಿಸಿತು. ಆದರೆ ಅದರಿಂದ ಉಳಿದದ್ದು ಕುರ್ಚಿಯ ಸಮಯವೇ ಹೊರತು ರಸ್ತೆಯದಲ್ಲ.