ಹಾಟ್ ರಾಡ್: ಗುಜರಿಯಿಂದ ಕ್ಯಾಟಲಾಗಿಗೆ

ಹಳೆಯ ಕಾರಿನ ಮೈಮೇಲೆ ಬೇಡವೆನಿಸಿದ್ದನ್ನೆಲ್ಲ ಕಿತ್ತು, ಬಲವಾದ ಎಂಜಿನ್ ಕೂರಿಸಿ, ವೇಗಕ್ಕೆಂದು ಮರುಕಟ್ಟಿದ ಗಾಡಿಯೇ ಹಾಟ್ ರಾಡ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ಇದರ ತವರು. ಕಾರ್ಖಾನೆಯಲ್ಲಲ್ಲ, ಮನೆ ಹಿಂದಿನ ಶೆಡ್ಡಿನಲ್ಲಿ ಬೆಳೆದ ಈ ಹವ್ಯಾಸದ ಚರಿತ್ರೆಯೆಂದರೆ ಬಹುಮಟ್ಟಿಗೆ ಬಿಡಿಭಾಗಗಳ ಚರಿತ್ರೆ: ಯಾವ ಕಾಲಕ್ಕೆ ಏನು ಸಿಗುತ್ತಿತ್ತೋ ಕಾರೂ ಹಾಗೆಯೇ ಆಯಿತು.

ಮೊದಲು ಸಿಕ್ಕಿದ್ದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಈ ಕಾರುಗಳು 1930ರ ದಶಕದಲ್ಲಿ ಗುಜರಿಯಲ್ಲಿ ಚಿಲ್ಲರೆ ಕಾಸಿಗೆ ಬಿದ್ದಿದ್ದವು. ಮಡ್‌ಗಾರ್ಡು, ಬಂಪರು, ಟಾಪು ಕಳಚಿದರೆ ತೂಕ ಇಳಿಯುತ್ತಿತ್ತು. ತೂಕ ಇಳಿಸಲು ಸ್ಪ್ಯಾನರ್ ಮತ್ತು ಹ್ಯಾಕ್ಸಾ ಸಾಕು, ಹಣ ಬೇಡ. ಓಡಿಸುವ ಜಾಗವೂ ಪುಕ್ಕಟೆ. ಮೊಹಾವಿ ಮರುಭೂಮಿಯ ಮ್ಯುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಅಂಗಳ ಮೈಲುಗಟ್ಟಲೆ ಚಪ್ಪಟೆ. ಹುಡುಗರು ಅದೇ ಕಾರಿನಲ್ಲಿ ಅಲ್ಲಿಗೆ ಹೋಗಿ, ದೀಪ ಮತ್ತು ಮುಂದಿನ ಗಾಜು ಬಿಚ್ಚಿಟ್ಟು ಓಡಿಸಿ, ಮತ್ತೆ ಜೋಡಿಸಿಕೊಂಡು ಮನೆಗೆ ಮರಳುತ್ತಿದ್ದರು. ಧೂಳಿನಲ್ಲಿ ಅಪಘಾತಗಳೂ ಆಗುತ್ತಿದ್ದವು. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡ ಮೇಲೆ ಓಟಕ್ಕೊಂದು ಶಿಸ್ತು ಬಂತು.

ನಿಜವಾದ ತಿರುವು 1932ರದು. ಆ ವರ್ಷ ಹೆನ್ರಿ ಫೋರ್ಡ್ ಸಾಮಾನ್ಯರ ಕಾರಿಗೆ ವಿ-8 ಎಂಜಿನ್ ಕೊಟ್ಟ: 221 ಘನ ಅಂಗುಲ, 65 ಅಶ್ವಶಕ್ತಿ. ಎಂಟು ಸಿಲಿಂಡರುಗಳ ಬ್ಲಾಕನ್ನು ಒಂದೇ ಎರಕದಲ್ಲಿ ಅಗ್ಗವಾಗಿ ಹೊಯ್ದದ್ದು ಅದರ ಹೆಚ್ಚುಗಾರಿಕೆ. ದೋಷವೂ ಅಲ್ಲೇ ಇತ್ತು. ವಾಲ್ವುಗಳು ಬ್ಲಾಕಿನೊಳಗೇ ಇದ್ದುದರಿಂದ ಹೊಗೆ ಹೋಗುವ ದಾರಿಯೂ ಬ್ಲಾಕಿನೊಳಗೇ ಹಾಯಬೇಕು. ಒಂದೊಂದು ಬದಿಯ ನಾಲ್ಕು ಸಿಲಿಂಡರಿಗೆ ಮೂರೇ ಬಾಯಿ, ನಡುವಿನ ಎರಡಕ್ಕೆ ಒಂದೇ. ಎಂಜಿನ್ ಬೇಗ ಕಾಯುತ್ತಿತ್ತು, ಉಸಿರಾಟವೂ ಇಕ್ಕಟ್ಟು. ಈ ಕೊರತೆಯನ್ನು ತುಂಬಲು ಹೊರಟವರಿಂದಲೇ ಒಂದು ಉದ್ಯಮ ಹುಟ್ಟಿತು.

ಎಡ್ ವಿನ್‌ಫೀಲ್ಡ್ ಅದಾಗಲೇ 1920ರ ದಶಕದಲ್ಲಿ ಓಟದ ಕಾರ್ಬ್ಯುರೇಟರುಗಳಿಗೆ ಹೆಸರಾಗಿದ್ದ. ಗ್ಯಾರೇಜು ನಡೆಸುತ್ತಿದ್ದ ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ಎರಡು ಕಾರ್ಬ್ಯುರೇಟರ್ ಹಿಡಿಸುವ 'ಸ್ಲಿಂಗ್‌ಶಾಟ್' ಮ್ಯಾನಿಫೋಲ್ಡ್ ಮಾಡಿದ. ದಿನನಿತ್ಯ ಓಡಿಸುತ್ತಿದ್ದ ತನ್ನ 1932ರ ರೋಡ್‌ಸ್ಟರನ್ನೇ ಒಣಕೆರೆಯಲ್ಲಿ 1941ರಲ್ಲಿ ಗಂಟೆಗೆ 121 ಮೈಲಿ ಓಡಿಸಿ ತೋರಿಸಿದ. ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವ ಪತ್ರಿಕೆಯಲ್ಲಿ ಸಿಕ್ಕೀತು! ಎಡ್ ಇಸ್ಕೆಂಡೇರಿಯನ್ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಳೆಯ ಗ್ರೈಂಡಿಂಗ್ ಯಂತ್ರವೊಂದನ್ನು ಕೊಂಡು, ಅದನ್ನೇ ಮಾರ್ಪಡಿಸಿ ಕ್ಯಾಮ್‌ಶಾಫ್ಟ್ ಕಡೆಯತೊಡಗಿದ. ಕೆಲವು ಭಾಗಗಳನ್ನಂತೂ ಯಾರೂ ಹೊಸದಾಗಿ ಮಾಡಬೇಕಾಗಿರಲಿಲ್ಲ. 1949ರ ಮರ್ಕ್ಯುರಿ ಕಾರಿನ ಕ್ರ್ಯಾಂಕ್‌ಶಾಫ್ಟ್ ಹಾಕಿದರೆ ಪಿಸ್ಟನ್ನಿನ ಓಟ ಕಾಲು ಅಂಗುಲ ಹೆಚ್ಚುತ್ತಿತ್ತು. ಫೋರ್ಡ್ 1939ರಲ್ಲಿ ತಂದ ಹೈಡ್ರಾಲಿಕ್ ಬ್ರೇಕುಗಳನ್ನು ಹಳೆಯ ಫೋರ್ಡಿಗೂ ಕೂರಿಸಬಹುದಿತ್ತು.

ಎರಡನೆಯ ಮಹಾಯುದ್ಧ ಯಂತ್ರ ಪಳಗಿದ ಕೈಗಳನ್ನೂ ವಿಮಾನಗಳ ಮಿಕ್ಕ ಸಾಮಾನನ್ನೂ ಒಟ್ಟಿಗೇ ಊರಿಗೆ ಕಳಿಸಿತು. ವಿಮಾನದಡಿ ತೂಗುಹಾಕುತ್ತಿದ್ದ ಇಂಧನ ಟ್ಯಾಂಕನ್ನು ಬಿಲ್ ಬರ್ಕ್ ಕಾರಿನ ಮೈಯಾಗಿಸಿದ. ಅದೇ ಜಾಡಿನಲ್ಲಿ ಅಲೆಕ್ಸ್ ಝೈಡಿಯಸ್‌ನ ಸೋ-ಕ್ಯಾಲ್ ಸ್ಪೀಡ್ ಶಾಪ್ ಕಟ್ಟಿದ ಗಾಡಿ 1952ರಲ್ಲಿ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 198 ಮೈಲಿ ಮುಟ್ಟಿತು.

ಊರ ಬೀದಿಗಳಲ್ಲೂ ಪಂದ್ಯ ನಡೆದು ಈ ಹವ್ಯಾಸದ ಹೆಸರು ಕೆಟ್ಟಿತ್ತು. 1948ರಲ್ಲಿ ರಾಬರ್ಟ್ ಪೀಟರ್ಸನ್ ಆರಂಭಿಸಿದ 'ಹಾಟ್ ರಾಡ್' ಪತ್ರಿಕೆ, 1951ರಲ್ಲಿ ವಾಲಿ ಪಾರ್ಕ್ಸ್ ಮುಂದಾಳತ್ವದಲ್ಲಿ ಹುಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಆ ಕಳಂಕ ತೊಳೆಯಲು ದುಡಿದವು.

1955ರ ಷೆವರ್ಲೆ ವಿ-8 ಬಂದ ಮೇಲೆ ಫೋರ್ಡಿನ ಹಳೆಯ ಎಂಜಿನ್ ಹಿಂದೆ ಬಿತ್ತು. 265 ಘನ ಅಂಗುಲ, ಆರಂಭದಲ್ಲೇ 162 ಅಶ್ವಶಕ್ತಿ. ಗಾತ್ರ ಚಿಕ್ಕದು, ತೂಕ ಕಡಿಮೆ, ಬಿಡಿಭಾಗ ಎಲ್ಲೆಂದರಲ್ಲಿ. ಫೋರ್ಡಿನೊಳಗೆ ಷೆವರ್ಲೆಯೇ ಎಂದು ಮೂಗು ಮುರಿಯುವ ಸಂಪ್ರದಾಯಸ್ಥರು ಇಂದಿಗೂ ಇದ್ದಾರೆ. ಜೇಬು ನೋಡಿಕೊಳ್ಳುವವರು ಅವರ ಮಾತಿಗೆ ಕಿವಿಗೊಡಲಿಲ್ಲ.

ಮನೆಯಲ್ಲಿ ಕಟ್ಟುವ ಕ್ರಮ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಚಾಸಿಯನ್ನು ಸಮನೆಲದ ಮೇಲೆ ಸ್ಟ್ಯಾಂಡುಗಳಿಗೆ ಏರಿಸಿ, ತೂಗುಗುಂಡು ಇಳಿಬಿಟ್ಟು, ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾರೆ. ಎರಡೂ ಕರ್ಣ ಸಮವಾಗದಿದ್ದರೆ ಕಾರು ನೇರ ಓಡದು. ಎಂಜಿನ್ನಿನ ಹಿಡಿಕೆಗಳಿಗೆ ಮೊದಲು ಚುಕ್ಕಿ ವೆಲ್ಡಿಂಗ್ ಅಷ್ಟೇ. ಸ್ಟಿಯರಿಂಗ್ ಕಂಬ, ಸೈಲೆನ್ಸರ್ ಪೈಪು, ರೇಡಿಯೇಟರ್ ಒಂದಕ್ಕೊಂದು ತಾಗದೆಂದು ಖಚಿತವಾದ ಮೇಲೆ ಪೂರ್ತಿ ಬೆಸುಗೆ. ಬಣ್ಣವಿಲ್ಲದೆಯೇ ಓಡಿಸಿ ನೋಡಿ, ಮತ್ತೆ ಪೂರ್ತಿ ಬಿಚ್ಚಿ, ಆಮೇಲೆ ಬಣ್ಣ. ಅವಸರಕ್ಕೆ ಮೊದಲೇ ಬಣ್ಣ ಬಳಿದವರು ಹೊಳಪಿನ ಮೇಲೆ ಡ್ರಿಲ್ ಇಡಬೇಕಾಗುತ್ತದೆ. ಹಿಂದಿನವರ ಗ್ಯಾಸ್ ವೆಲ್ಡಿಂಗ್ ಜಾಗಕ್ಕೆ ಮಿಗ್ ವೆಲ್ಡಿಂಗ್ ಬಂದು ಹವ್ಯಾಸಿಗಳ ಕೈ ಹಗುರಾಯಿತು. ಆದರೂ ಸ್ಟಿಯರಿಂಗ್ ಮತ್ತು ಆಕ್ಸಲಿನ ಬೆಸುಗೆಯನ್ನು ನುರಿತವರಿಗೆ ಬಿಡುವುದೇ ಮೇಲು. ಉಳಿತಾಯ ಮಾಡಬಾರದ ಇನ್ನೊಂದು ಸಾಮಾನು ಬ್ರೇಕ್ ಪೈಪಿನ ತುದಿ ಅಗಲಿಸುವ ಸಾಧನ. ಬ್ರೇಕಿಗೆ ಉಕ್ಕಿನ ಪೈಪು, ಅದರ ತುದಿಗೆ ಎರಡು ಮಡಿಕೆ ಬೇಕು; ಸುಲಭಕ್ಕೆ ಬಾಗುತ್ತದೆಂದು ಮಾಮೂಲಿ ತಾಮ್ರದ ಕೊಳವೆ ಹಾಕುವುದು ಅಪಾಯ.

ಗುಜರಿಯ ಹಳೆಯ ಫೋರ್ಡುಗಳು ಮುಗಿಯುತ್ತ ಬಂದಂತೆ ಅನುಕರಣದ ಭಾಗಗಳ ಮಾರುಕಟ್ಟೆ ಬೆಳೆಯಿತು. ಫೈಬರ್‌ಗ್ಲಾಸ್ ಬಾಡಿ ಬಂತು, ಹೊಸ ಚಾಸಿ ಬಂತು, 1974ರ ಮಸ್ಟಾಂಗ್ ಟೂ ಕಾರಿನ ಮಾದರಿಯ ಮುಂಭಾಗದ ಸಸ್ಪೆನ್ಷನ್ ಬಂತು. ಕೊನೆಗೆ 1932ರ ಅಚ್ಚಿನದೇ ಹೊಸ ಉಕ್ಕಿನ ಬಾಡಿಯೂ ಸಿಗತೊಡಗಿತು. ಫೋರ್ಡ್ ಕಂಪನಿ ಮಾಡಿದ ಒಂದು ಬೋಲ್ಟೂ ಇಲ್ಲದ '1932ರ ಫೋರ್ಡ್' ಇಂದು ಸಾಧ್ಯ. ಹಾಗಿದ್ದರೆ ಆ ಕಾರು ಯಾವ ವರ್ಷದ್ದು? ಹೊಗೆ ತಪಾಸಣೆಯವರಿಗೆ ಇದು ನಿಜವಾದ ತಲೆನೋವು. ಕ್ಯಾಲಿಫೋರ್ನಿಯಾ ಒಂದು ಉಪಾಯ ಮಾಡಿದೆ: ಹೀಗೆ ಮನೆಯಲ್ಲಿ ಕಟ್ಟಿದ ಕಾರುಗಳಲ್ಲಿ ವರ್ಷಕ್ಕೆ ಮೊದಲ 500ಕ್ಕೆ, ಬಾಡಿ ಯಾವ ವರ್ಷದ ಕಾರನ್ನು ಹೋಲುತ್ತದೋ ಆ ವರ್ಷವನ್ನೇ ತಪಾಸಣೆಗೆ ಹಿಡಿಯಲು ಅವಕಾಶವಿದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಬಿಗಿ. ತಯಾರಕರ ಮೂಲ ವಿನ್ಯಾಸವನ್ನು ಮಾಲೀಕರು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ.